ಡ್ರೈವ್ ಓಡಿದರೆ ನೆಟ್‌ವರ್ಕ್ ಬೀಳುತ್ತಿತ್ತು: ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟೇಶನ್, ಅಂದರೆ ಅಳತೆ ಮತ್ತು ನಿಯಂತ್ರಣದ ಉಪಕರಣಗಳನ್ನು ನೋಡಿಕೊಳ್ಳುತ್ತೇನೆ. ಕಬ್ಬನ್ನು ಮಿಲ್‌ಗೆ ಸಾಗಿಸುವ ಕ್ಯಾರಿಯರ್‌ನ ವೇಗ ಹೆಚ್ಚಾದಾಗಲೆಲ್ಲ ಮಿಲ್‌ನ ಪಿಎಲ್‌ಸಿಗೂ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಕಂಟ್ರೋಲ್ ರೂಮಿಗೂ ನಡುವಿನ ಸಂಪರ್ಕ ಕಡಿಯುತ್ತಿತ್ತು. ಕ್ಯಾರಿಯರ್ ನಿಲ್ಲಿಸಿದರೆ ಎಲ್ಲ ಸರಿ. ಹಂಗಾಮಿನಲ್ಲಿ ಮಿಲ್ ನಿಂತರೆ ಗೇಟಿನಾಚೆ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ನಷ್ಟ ರೈತರಿಗೆ. ಹಾಗಾಗಿ ಇದು ಸಣ್ಣ ತೊಂದರೆ ಅಂತ ನನಗೆ ಯಾವತ್ತೂ ಅನಿಸಲಿಲ್ಲ.

ಮೊದಲು ನೆಟ್‌ವರ್ಕ್ ಸ್ವಿಚ್‌ನ ಪೋರ್ಟಿನಲ್ಲಿ ಸಿಆರ್‌ಸಿ ಎರರ್, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಲೆಕ್ಕ, ಎಷ್ಟಿದೆ ನೋಡಿದೆ. ಒಳಗಿನ ಅಂಕಿಅಂಶ ತೋರಿಸುವ ಮ್ಯಾನೇಜ್ಡ್ ಸ್ವಿಚ್ ಇದ್ದರೆ ಈ ಲೆಕ್ಕ ಸುಲಭವಾಗಿ ಸಿಗುತ್ತದೆ. ಕ್ಯಾರಿಯರ್ ಮೋಟರ್‌ನ ವೇಗ ಹೆಚ್ಚು-ಕಡಿಮೆ ಮಾಡುವ ಡ್ರೈವ್ ಓಡುವಾಗ ಅಂಕಿ ಏರುತ್ತಿತ್ತು, ನಿಂತಾಗ ಅಲ್ಲೇ ಇರುತ್ತಿತ್ತು. ಸಾಫ್ಟ್‌ವೇರ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಕೇಬಲ್‌ಗಳು ಸಾಗುವ ಟ್ರೇಯ ಮುಚ್ಚಳ ತೆಗೆದರೆ, ಡ್ರೈವ್‌ನಿಂದ ಮೋಟರ್‌ಗೆ ಹೋಗುವ ಕೇಬಲ್‌ಗೆ ಅಂಟಿಕೊಂಡೇ ನೆಟ್‌ವರ್ಕ್ ಕೇಬಲ್ ಬಹಳ ದೂರ ಸಾಗಿತ್ತು.

415 ವೋಲ್ಟ್ ಸಪ್ಲೈ ಮೇಲೆ ನಡೆಯುವ ಡ್ರೈವ್‌ನೊಳಗಿನ ಡಿಸಿ ಬಸ್ (ಎಸಿಯನ್ನು ಡಿಸಿ ಮಾಡಿ ಇಟ್ಟುಕೊಳ್ಳುವ ಭಾಗ) ಸುಮಾರು 580 ವೋಲ್ಟ್ ಇರುತ್ತದೆ. ಅದನ್ನು ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತವೆ. ಪ್ರತಿ ಸಲವೂ ವೋಲ್ಟೇಜ್ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಜಿಗಿಯುತ್ತದೆ. ಆ ಜಿಗಿತವೇ ನಾಯ್ಸ್ ಆಗಿ, ಅಂದರೆ ಬೇಡದ ವಿದ್ಯುತ್ ಗದ್ದಲವಾಗಿ, ಪಕ್ಕದ ಕೇಬಲ್‌ಗೆ ನುಗ್ಗುತ್ತದೆ. ಎರಡೂ ಜೊತೆಯಾಗಿ ಓಡಿದ ಉದ್ದ ಜಾಸ್ತಿಯಾದಷ್ಟೂ ತೊಂದರೆಯೂ ಜಾಸ್ತಿ.

ಹಂಗಾಮು ಮುಗಿದ ಮೇಲೆ ನೆಟ್‌ವರ್ಕ್‌ಗೆ ಬೇರೆ ಲೋಹದ ಟ್ರೇ ಹಾಕಿಸಿದೆ. ಪವರ್ ಟ್ರೇಯಿಂದ 300 ಮಿಲಿಮೀಟರ್ ದೂರ ಇಟ್ಟೆ. ದಾಟಲೇಬೇಕಾದ ಕಡೆ ನೇರ ಅಡ್ಡವಾಗಿ, 90 ಡಿಗ್ರಿಯಲ್ಲಿ ದಾಟಿಸಿದೆ. ಟ್ರೇ ತುಂಡುಗಳನ್ನು ತಾಮ್ರದ ಹೆಣೆದ ಪಟ್ಟಿಯಿಂದ ಜೋಡಿಸಿದೆವು. ಜೋಡಿಸುವ ಜಾಗದಲ್ಲಿ ಬಣ್ಣ ಕೆರೆಯಲೇಬೇಕು. ಬಣ್ಣದ ಮೇಲೆ ಬೋಲ್ಟ್ ಬಿಗಿದರೆ ನೋಡೋಕೆ ಚೆನ್ನಾಗಿರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ ಶೀಲ್ಡ್‌ನ, ಅಂದರೆ ಕೇಬಲ್‌ನ ತಂತಿಗಳನ್ನು ಸುತ್ತುವರಿದು ನಾಯ್ಸ್ ತಡೆಯುವ ಲೋಹದ ಪದರದ, ತುದಿ. ದುಬಾರಿ ಶೀಲ್ಡೆಡ್ ಕೇಬಲ್ ತಂದು, ಶೀಲ್ಡ್ ಹೊಸೆದು ಬಾಲದ ಹಾಗೆ ಮಾಡಿ ಒಂದು ಸ್ಕ್ರೂಗೆ ಕಟ್ಟುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಹತ್ತು ಸೆಂಟಿಮೀಟರ್ ಬಾಲ 10 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಓಮ್ ತಡೆ ಒಡ್ಡುತ್ತದೆ. ನಾಯ್ಸ್ ಇಳಿದು ಹೋಗಬೇಕಾದ ದಾರಿಯನ್ನು ನಾವೇ ಮುಚ್ಚಿದಂತೆ, ಅಲ್ವಾ? ಪ್ಯಾನೆಲ್ ಒಳಗೆ ಬರುವ ಜಾಗದಲ್ಲೇ ಮೇಲಿನ ಸಿಪ್ಪೆ ಸುಲಿದು, ಶೀಲ್ಡ್‌ನ ಸುತ್ತಲೂ ಹಿಡಿಯುವ ಕ್ಲ್ಯಾಂಪ್ ಹಾಕಿಸಿದೆ. ಮೋಟರ್ ಕೇಬಲ್ ಕೂಡ ಶೀಲ್ಡ್ ಇರುವುದನ್ನೇ ತರಿಸಿ, ಎರಡೂ ತುದಿಗೆ ಇಎಂಸಿ ಗ್ಲ್ಯಾಂಡ್ (ಶೀಲ್ಡ್ ಅನ್ನು ಸುತ್ತಲೂ ಹಿಡಿಯುವ ಲೋಹದ ಜೋಡಣೆ) ಹಾಕಿದೆವು. ಇದರ ಖರ್ಚು ಜಾಸ್ತಿಯೇ. ಆದರೆ ನಾಯ್ಸ್ ಹುಟ್ಟುವ ಕಡೆಯೇ ತಡೆಯಲು ಕೊಟ್ಟ ದುಡ್ಡು ಸಾರ್ಥಕ.

"ಎರಡೂ ಕಡೆ ಅರ್ಥ್ ಕೊಟ್ರ ಶೀಲ್ಡಿನ್ಯಾಗ ಕರೆಂಟ್ ಹರಿಯೂದಿಲ್ಲೇನ್ರಿ ಸಾಹೇಬ್ರ?" ಅಂತ ನಮ್ಮ ಹಿರಿಯ ಎಲೆಕ್ಟ್ರಿಷಿಯನ್ ಕೇಳಿದರು. ಒಳ್ಳೆಯ ಪ್ರಶ್ನೆ. ಸೆನ್ಸರ್‌ನ ಅಳತೆ ತರುವ 4–20 ಮಿಲಿಆಂಪ್ ಸಿಗ್ನಲ್‌ನ ಕೇಬಲ್ ಶೀಲ್ಡ್‌ಗೆ ಸಾಮಾನ್ಯವಾಗಿ ಒಂದೇ ತುದಿಗೆ ಅರ್ಥ್ ಕೊಡುತ್ತೇವೆ. ವೇಗದ ಡಿಜಿಟಲ್ ಕೇಬಲ್‌ಗೆ ಎರಡೂ ತುದಿ ಬೇಕು, ಆದರೆ ಎರಡೂ ಪ್ಯಾನೆಲ್‌ಗಳ ಅರ್ಥ್ ಒಂದೇ ಮಟ್ಟದಲ್ಲಿರಬೇಕು. ಮಿಲ್ ಹೌಸ್‌ನಲ್ಲಿ ಅದು ಸಾಧ್ಯವಾಯಿತು. ದೂರದ ಕಟ್ಟಡಕ್ಕೆ ಹೋಗುವ ಕೇಬಲ್‌ನ ಶೀಲ್ಡ್‌ಗೆ ಕ್ಲ್ಯಾಂಪ್ ಮೀಟರ್ ಹಿಡಿದರೆ ಕರೆಂಟ್ ಕಾಣುತ್ತಿತ್ತು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಅರ್ಥ್ ಪಿಟ್‌ನ ತಡೆ ಏರುತ್ತದೆ. ಅಲ್ಲಿಗೆ ತಾಮ್ರವನ್ನೇ ಬಿಟ್ಟು, ಕರೆಂಟ್ ಬದಲು ಬೆಳಕಿನಲ್ಲಿ ಡೇಟಾ ಸಾಗಿಸುವ ಫೈಬರ್ ಎಳೆದೆವು. ತಾಮ್ರದ ಈಥರ್ನೆಟ್‌ಗೆ 100 ಮೀಟರ್ ಮಿತಿಯೂ ಇದೆ, ಫೈಬರ್‌ನಲ್ಲಿ ಆ ತಲೆನೋವೂ ಇಲ್ಲ. ಉಕ್ಕಿನ ಕವಚ ಇಲ್ಲದ ಫೈಬರ್ ಆರಿಸಿ, ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿದೆವು. ಕವಚದ ಉಕ್ಕು ಎರಡು ಕಟ್ಟಡಗಳ ಅರ್ಥ್ ಅನ್ನು ಮತ್ತೆ ಜೋಡಿಸಬಾರದು.

ಮುಂದಿನ ಹಂಗಾಮಿನಲ್ಲಿ ಕ್ಯಾರಿಯರ್ ಪೂರ್ತಿ ವೇಗದಲ್ಲಿ ಓಡುವಾಗಲೂ ಸಿಆರ್‌ಸಿ ಅಂಕಿ ಕದಲಲಿಲ್ಲ. ಈಗ ಆ ಅಂಕಿ ಶಿಫ್ಟ್ ಪುಸ್ತಕದಲ್ಲಿ ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಹೊಸ ಕೇಬಲ್ ಎಳೆಯಲು ಯಾರೇ ಬಂದರೂ, ಪ್ಯಾನೆಲ್ ಬಾಗಿಲು ಹಾಕುವ ಮೊದಲು ಶೀಲ್ಡ್ ಕ್ಲ್ಯಾಂಪಿನ ಫೋಟೊ ತೆಗೆದು ಕಳಿಸಲು ಹೇಳುತ್ತೇನೆ.