ಮೀನು ಹಿಡಿಯುವ ಕಯಾಕ್: ಮೊದಲು ಟೇಪ್, ಆಮೇಲೆ ಡ್ರಿಲ್

ಕಯಾಕ್, ಅಂದರೆ ಹುಟ್ಟು ಹಾಕಿ ಸಾಗುವ ಕಿರಿದಾದ ಚಿಕ್ಕ ದೋಣಿ, ಕೊಂಡ ಮೊದಲ ವಾರವೇ ಕೈ ಸುಮ್ಮನಿರುವುದಿಲ್ಲ. ಗಾಳದ ಕೋಲು ಇಡಲು ಜಾಗ ಬೇಕು, ಲಂಗರು ಬೇಕು, ನೀರಿನೊಳಗಿನ ಮೀನನ್ನು ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್ ಬೇಕು. ಇವನ್ನೆಲ್ಲ ಮನೆಯಲ್ಲೇ ಅಳವಡಿಸಬಹುದು. ಆದರೆ ಪ್ಲಾಸ್ಟಿಕ್ ದೋಣಿಗೆ ಕೊರೆದ ತೂತನ್ನು ಮತ್ತೆ ಮೊದಲಿನ ಹಾಗೆ ಮುಚ್ಚಲು ಆಗುವುದಿಲ್ಲ. ಅದಕ್ಕೇ ತೂತು ಬೇಡದ ಕೆಲಸದಿಂದ ಶುರು ಮಾಡೋಣ. ಇಲ್ಲಿ ಹೇಳುವುದೆಲ್ಲ ಮೇಲೆ ಕೂರುವ ಬಗೆಯ ಪ್ಲಾಸ್ಟಿಕ್ ಕಯಾಕ್‌ಗೆ.

ಹಂತ 1: ಕ್ರೇಟ್

ಸೀಟಿನ ಹಿಂದಿನ ತಗ್ಗಿಗೆ ಹೊಂದುವ ಪ್ಲಾಸ್ಟಿಕ್ ಕ್ರೇಟ್ ಒಂದನ್ನು ತೆಗೆದುಕೊಳ್ಳಿ. ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಸುಮಾರು ಒಂದು ಅಡಿ ಉದ್ದಕ್ಕೆ ಕತ್ತರಿಸಿ. ಅಂಚನ್ನು ಮರಳು ಕಾಗದದಿಂದ ಉಜ್ಜಿ, ಮೇಲೆ ಒಂದು ಕೆಳಗೆ ಒಂದು ಕೇಬಲ್ ಟೈ ಹಾಕಿ ಕ್ರೇಟ್‌ಗೆ ಬಿಗಿಯಿರಿ. ಕೋಲಿನ ಬುಡ ಪೈಪಿನೊಳಗೆ ಸಲೀಸಾಗಿ ಹೋಗುತ್ತದಾ ಅಂತ ಕತ್ತರಿಸುವ ಮುಂಚೆಯೇ ನೋಡಿ. ಕ್ರೇಟನ್ನು ದೋಣಿಯಲ್ಲಿ ಈಗಾಗಲೇ ಇರುವ ಕೊಂಡಿಗಳಿಗೆ ಎಲಾಸ್ಟಿಕ್ ಹಗ್ಗದಿಂದ ಕಟ್ಟಿದರೆ ಕೆಲಸ ಮುಗಿಯಿತು.

ಹಂತ 2: ಟೇಪ್ ಅಂಟಿಸಿ ನೀರಿಗಿಳಿಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಏನೇನು ಎಲ್ಲೆಲ್ಲಿ ಕೂರಿಸಬೇಕೋ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ದೋಣಿಯಲ್ಲಿ ಕೂತು ಹುಟ್ಟು ಹಾಕಿ. ಮೆಲ್ಲಗೆ ಅಲ್ಲ, ಎದುರುಗಾಳಿ ಬಂದಾಗ ಹಾಕುವಷ್ಟು ಜೋರಾಗಿ. ಬೆರಳಿನ ಗೆಣ್ಣು ಟೇಪಿನ ಹತ್ತಿರ ಬಂದರೆ ಆ ಜಾಗ ಬೇಡ. ಕೂತಲ್ಲಿಂದ ಬಾಗದೆ ಕೈಗೆ ಸಿಗದಿದ್ದರೂ ಬೇಡ. ಇನ್ನೊಂದು ಪರೀಕ್ಷೆಯೂ ಇದೆ: ಲೈಫ್ ಜಾಕೆಟ್ ಹಾಕಿಕೊಂಡು, ಜೊತೆಗೊಬ್ಬರನ್ನು ಇಟ್ಟುಕೊಂಡು ಬೇಕಂತಲೇ ನೀರಿಗೆ ಬೀಳಿ. ವಾಪಸ್ ಯಾವ ಬದಿಯಿಂದ ಹತ್ತುತ್ತೀರೋ ಆ ಬದಿಯ ನಡುಭಾಗದಲ್ಲಿ ಚಾಚಿಕೊಂಡಿರುವ ಯಾವ ವಸ್ತುವೂ ಇರಕೂಡದು. ಇದ್ದರೆ ಜಾಕೆಟ್‌ನ ಪಟ್ಟಿ ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ಹಂತ 3: ಕೊರೆಯುವುದು

ಹೆಚ್ಚಿನ ಕಯಾಕ್‌ಗಳು ಪಾಲಿಎಥಿಲೀನ್‌ನಿಂದ ಮಾಡಿದವು. ಈ ಪ್ಲಾಸ್ಟಿಕ್‌ಗೆ ಅಂಟು ಸರಿಯಾಗಿ ಹಿಡಿಯುವುದೇ ಇಲ್ಲ. ಹಾಗಾಗಿ ಭಾರ ಹೊರುವುದು ಬೋಲ್ಟ್ ಅಥವಾ ರಿವೆಟ್. ಸೀಲೆಂಟ್ ಇರುವುದು ನೀರು ತಡೆಯುವುದಕ್ಕೆ ಮಾತ್ರ.

ನೀರಿನ ಮಟ್ಟಕ್ಕಿಂತ ಮೇಲಿರುವ, ಸಾಧ್ಯವಾದಷ್ಟು ಚಪ್ಪಟೆಯಾದ ಜಾಗ ಆರಿಸಿ. ನೀರು ಹರಿದುಹೋಗಲು ಮಾಡಿರುವ ಕೊಳವೆಗಳ ಹತ್ತಿರ ಕೊರೆಯಲೇಬೇಡಿ, ಸೀಳು ಬಿಡುವುದು ಹೆಚ್ಚಾಗಿ ಅಲ್ಲೇ. ಡ್ರಿಲ್ ನಿಧಾನಕ್ಕೆ ತಿರುಗಲಿ. ವೇಗ ಜಾಸ್ತಿಯಾದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ. ಬಿಟ್‌ನ ತುದಿಯಿಂದ ಒಂದು ಸೆಂಟಿಮೀಟರ್ ಬಿಟ್ಟು ಟೇಪ್ ಸುತ್ತಿ, ಅಲ್ಲಿಗೇ ನಿಲ್ಲಿಸಿ. ಇಲ್ಲವಾದರೆ ಬಿಟ್ ಒಳಕ್ಕೆ ನುಗ್ಗಿ ತಳಕ್ಕೇ ತಾಗಬಹುದು. ಅಂಚಿನ ಸಿಪ್ಪೆಯನ್ನು ಚಾಕುವಿನಿಂದ ತೆಗೆಯಿರಿ.

ಮುಚ್ಚಳದ ಮೂಲಕ ಒಳಗೆ ಕೈ ಹೋಗುವ ಕಡೆ ಸ್ಟೇನ್‌ಲೆಸ್ ಬೋಲ್ಟ್, ಅಗಲವಾದ ವಾಷರ್, ನೈಲಾನ್ ಪಟ್ಟಿಯಿರುವ ನಟ್ ಹಾಕಿ. ಇದಕ್ಕಿಂತ ಗಟ್ಟಿ ದಾರಿ ಇನ್ನೊಂದಿಲ್ಲ. ಕೈ ಹೋಗದ ಕಡೆ ಒಳಗೆ ಮೂರು ಕಾಲಾಗಿ ಬಿರಿದು ಕೂರುವ ಟ್ರೈ-ಫೋಲ್ಡ್ ರಿವೆಟ್, ಅಥವಾ ಬಿಗಿದಂತೆ ಉಬ್ಬುವ ರಬ್ಬರಿನ ವೆಲ್ ನಟ್ ಆಗುತ್ತದೆ. ಸಾಮಾನ್ಯ ರಿವೆಟ್‌ಗೆ ಒಳಗಿನ ಹಿಡಿತ ಸಣ್ಣದು. ದೊಡ್ಡ ಮೀನು ಎಳೆದಾಗ ಕಿತ್ತು ಬರಬಹುದು. ಬರಿ ಸ್ಕ್ರೂ ಅಂತೂ ಬೇಡವೇ ಬೇಡ. ದೋಣಿಗಳಿಗೆಂದೇ ಸಿಗುವ ಸೀಲೆಂಟನ್ನು ತೂತಿನ ಸುತ್ತ ಹಚ್ಚಿ ಬಿಗಿಯಿರಿ. ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ.

ಹಂತ 4: ಲಂಗರಿನ ಹಗ್ಗ

ಒಂದೇ ಒಂದು ಬದಲಾವಣೆಗೆ ಸಮಯವಿದೆ ಅಂದರೆ ಇದನ್ನೇ ಮಾಡಿ. ಲಂಗರನ್ನು ದೋಣಿಯ ಪಕ್ಕಕ್ಕೆ, ನಡುವಿನಲ್ಲಿ ಕಟ್ಟಿದರೆ ಹರಿವಿಗೆ ದೋಣಿ ಅಡ್ಡ ನಿಲ್ಲುತ್ತದೆ. ಆಗ ಒಂದು ಬದಿ ತಗ್ಗಿ, ನೀರು ನುಗ್ಗಿ, ದೋಣಿ ಮಗುಚಬಹುದು. ಅದಕ್ಕೇ ಒಂದು ಬದಿಯುದ್ದಕ್ಕೂ ಮುಂತುದಿಯಲ್ಲೊಂದು, ಹಿಂತುದಿಯಲ್ಲೊಂದು ಚಿಕ್ಕ ರಾಟೆ ಕೂರಿಸಿ, ಹಗ್ಗವನ್ನು ಸುತ್ತುಹಾಕಿ, ಅದರಲ್ಲಿ ಒಂದು ಉಂಗುರ ಕಟ್ಟುತ್ತಾರೆ. ಲಂಗರಿನ ಹಗ್ಗ ಈ ಉಂಗುರದೊಳಗಿಂದ ಹೋಗುತ್ತದೆ. ಸುತ್ತುಹಗ್ಗ ಎಳೆದರೆ ಉಂಗುರ ಯಾವ ತುದಿಗೆ ಬೇಕೋ ಆ ತುದಿಗೆ ಸರಿಯುತ್ತದೆ.

ಸಾಮಾನ್ಯವಾಗಿ ಒಂದೂವರೆ ಕಿಲೋ ತೂಕದ ಮಡಚುವ ಲಂಗರು ಸಾಕು. ಹಗ್ಗ ಆಳದ ಮೂರು ಪಟ್ಟಾದರೂ ಇರಲಿ. ಹಗ್ಗದ ಈಚೆ ತುದಿಗೆ ತೇಲುಬುರುಡೆ ಕಟ್ಟಿ, ಗಂಟು ಹಾಕದೆ ಕ್ಲೀಟ್‌ಗೆ (ಹಗ್ಗ ಹಿಡಿದಿಡುವ ಕೊಕ್ಕೆಗೆ) ಸಿಕ್ಕಿಸಿಡಿ. ಅಪಾಯ ಬಂದಾಗ ಒಂದೇ ಎಳೆತಕ್ಕೆ ಬಿಟ್ಟು ಹೋಗಬಹುದು, ಲಂಗರನ್ನು ಆಮೇಲೆ ಹುಡುಕಿಕೊಳ್ಳಬಹುದು. ಚಾಕು ಜಾಕೆಟ್‌ನಲ್ಲೇ ಇರಲಿ. ರಭಸದ ಹೊಳೆಯಲ್ಲಿ ಮಾತ್ರ ಲಂಗರು ಹಾಕುವ ಯೋಚನೆಯೇ ಬೇಡ.

ಹಂತ 5: ಫಿಶ್ ಫೈಂಡರ್

ಇದಕ್ಕೆ ತಳ ಕೊರೆಯಬೇಕಿಲ್ಲ. ಅದರ ಶಬ್ದದ ಅಲೆ ಪಾಲಿಎಥಿಲೀನ್ ದಾಟಿ ಹೋಗುತ್ತದೆ, ಗಾಳಿಯನ್ನು ಮಾತ್ರ ದಾಟುವುದಿಲ್ಲ. ಈ ಅಲೆ ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ ಭಾಗವಾದ ಟ್ರಾನ್ಸ್‌ಡ್ಯೂಸರನ್ನು ದೋಣಿಯೊಳಗೆ ತಳದ ಮೇಲೆ, ಒಂದೂ ಗುಳ್ಳೆ ಉಳಿಯದಂತೆ ಸೀಲೆಂಟ್‌ನಲ್ಲಿ ಒತ್ತಿ ಕೂರಿಸಿ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಚಿಕ್ಕ ಪರದೆಗೆ ಒಂದು ದಿನಕ್ಕೆ ಸಾಮಾನ್ಯವಾಗಿ ಸಾಕಾಗುತ್ತದೆ. ಪ್ಲಸ್ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ.

ಹಂತ 6: ಸೋರಿಕೆ ಪರೀಕ್ಷೆ

ದಡದ ಹತ್ತಿರ, ಸೊಂಟದ ಆಳದಲ್ಲಿ ಒಂದು ಗಂಟೆ ಕಳೆದು ಬನ್ನಿ. ದೋಣಿಯ ಬಿರಡೆ ತೆಗೆದು ಓರೆ ಮಾಡಿ. ನೀರು ಬಂತಾ? ಒಳಗೆ ಒರೆಸಿ ಒಣಗಿಸಿ, ಹೊಸ ಜೋಡಣೆಗಳ ಮೇಲೆ ಸೋಪು ನೀರು ಹಚ್ಚಿ, ಬಿರಡೆಯ ತೂತಿನಿಂದ ಬಾಯಿಯಲ್ಲೇ ಗಾಳಿ ಊದಿ. ಕಂಪ್ರೆಸರ್ ಬೇಡ, ದೋಣಿ ಉಬ್ಬಿ ಹಾಳಾಗಬಹುದು. ಗುಳ್ಳೆ ಎದ್ದ ಕಡೆ ಬಿಚ್ಚಿ, ಹಳೆ ಸೀಲೆಂಟ್ ಕೆರೆದು, ಹೊಸದಾಗಿ ಹಚ್ಚಿ ಬಿಗಿಯಿರಿ.