ಯಾರ್ಡ್ ಪೂರ್ತಿ ಬೇಡ ಅಂದಿತ್ತು, ನನ್ನ 2518ರ ಇಂಜಿನ್ ಉಳಿಯಿತು

ಹಳೇ ಇಂಜಿನ್ ಬದಲಿಸದೆ ಅದನ್ನೇ ಬಿಚ್ಚಿ ರಿಪೇರಿ ಮಾಡಿಸಿದ ಮೇಲೆ ನನ್ನ ಟಾಟಾ 2518 ಲಾರಿ ಈ ತಿಂಗಳು 1 ಲಕ್ಷ 60 ಸಾವಿರ ಕಿಲೋಮೀಟರ್ ದಾಟಿತು. ಐದು ಸಾವಿರ ಕಿಲೋಮೀಟರಿಗೆ ಮುಕ್ಕಾಲು ಲೀಟರ್ ಆಯಿಲ್ ಹಾಕಿದರೆ ಜಾಸ್ತಿ. ಕೆಲಸ ಮಾಡಿಸುವಾಗ ನವಿ ಮುಂಬಯಿಯ ಕಳಂಬೋಲಿ ಲಾರಿ ಯಾರ್ಡ್‌ನಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಇಂಡಿ ತಾಲೂಕಿನವರು. ಕಳಂಬೋಲಿ ಸ್ಟೀಲ್ ಮಾರ್ಕೆಟ್‌ನಿಂದ ಪುಣೆಯ ಚಾಕಣ, ರಾಂಜಣಗಾಂವ್ ಕಾರ್ಖಾನೆಗಳ ಕಡೆ ಸ್ಟೀಲ್ ಕಾಯಿಲ್ ಹೊಡೆಯುತ್ತೇವೆ. ವಾರಕ್ಕೆ ನಾಲ್ಕು ಸಲ ಖಂಡಾಳಾ ಘಾಟ್ ಹತ್ತಬೇಕು. ಗಾಡಿ ಆರೂವರೆ ಲಕ್ಷ ಕಿಲೋಮೀಟರ್ ಓಡಿತ್ತು. ಸಾವಿರ ಕಿಲೋಮೀಟರಿಗೆ ಎರಡೂವರೆ ಲೀಟರ್ ಆಯಿಲ್ ಕುಡಿಯುತ್ತಿತ್ತು. ಬ್ರೀದರ್‌ನಿಂದ, ಅಂದರೆ ಇಂಜಿನ್ ಒಳಗಿನ ಗಾಳಿ ಹೊರಬಿಡುವ ನಳಿಕೆಯಿಂದ, ಚಹಾದಂಗಡಿ ಕೆಟಲ್ ಹಾಗೆ ಹೊಗೆ. ನಮ್ಮ ಕಡೆಯವರೇ ಆದ ಮಿಸ್ತ್ರಿ ಕಾಕಾ ಹೊಗೆ ನೋಡಿ, "ತಮ್ಮಾ, ಇದರಾಗ ಏನೂ ಉಳಿದಿಲ್ಲ. ಕುರ್ಲಾದಿಂದ ಒಂದು ತಂದು ಕೂಡ್ರಸು, ನಾಕ ದಿನದಾಗ ಲೈನಿಗೆ ಹೋಗ್ತೀ" ಅಂದರು.

ಕುರ್ಲಾ ಅಂದರೆ ಮುಂಬಯಿಯಲ್ಲಿ ಹಳೇ ಇಂಜಿನ್ ಮಾರುವ ಜಾಗ. ಆ ಪಾಠ ನಾನು ಆಗಲೇ ಕಲಿತಿದ್ದೆ. ಹಿಂದಿನ ಗಾಡಿಗೆ ಒಬ್ಬ ವ್ಯಾಪಾರಿಯಿಂದ ಹಳೇ ಇಂಜಿನ್ ತಂದಿದ್ದೆ. 1 ಲಕ್ಷ 10 ಸಾವಿರ ರೂಪಾಯಿ. ಅಲ್ಲೇ ಸ್ಟಾರ್ಟ್ ಮಾಡಿ ತೋರಿಸಿದ, ಚೆನ್ನಾಗೇ ಓಡಿತು. ಗಾಡಿಯಲ್ಲಿ ಕೂರಿಸಿ ಲೋಡ್ ಹಾಕಿದ ಮೂರನೇ ದಿನ ಆಯಿಲ್‌ನಲ್ಲಿ ನೀರು. ಬ್ಲಾಕ್, ಅಂದರೆ ಇಂಜಿನ್ನಿನ ಮುಖ್ಯ ಕಬ್ಬಿಣದ ಗಡ್ಡೆ, ಒಡೆದಿತ್ತು. ಇಂಜಿನ್ ನಂಬರಿನ ಕಾಗದವನ್ನೂ ಅವನು ಕೊಡಲಿಲ್ಲ. ಬ್ಲಾಕ್ ಬದಲಾದರೆ ನಂಬರ್ ಬದಲಾಗುತ್ತದೆ, ಆರ್‌ಸಿಯಲ್ಲಿ ಏರಿಸದೆ ಆರ್‌ಟಿಓ ಪಾಸಿಂಗ್ ಇಲ್ಲ. ಐವತ್ತು ದಿನ ಗಾಡಿ ನಿಂತಿತು. ಕಂತು ತಿಂಗಳಿಗೆ 31 ಸಾವಿರ. ಆ ಐವತ್ತು ದಿನ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಅದಕ್ಕೂ ಮೊದಲು 1613 ಗಾಡಿಗೆ ಸುಮ್ನೆ ಪಿಸ್ಟನ್ ರಿಂಗ್, ಬೇರಿಂಗ್ ಹಾಕಿಸಿ, ಪಿಸ್ಟನ್ ಓಡುವ ಲೈನರ್ ಕೊಳವೆ ಹಾಗೇ ಬಿಟ್ಟಿದ್ದೆ. 38 ಸಾವಿರ ರೂಪಾಯಿ ಹೋಯಿತು. ಇಪ್ಪತ್ತು ಸಾವಿರ ಕಿಲೋಮೀಟರಿಗೆ ಮತ್ತೆ ನೀಲಿ ಹೊಗೆ. ಆಮೇಲೆ ನೋಡಿದರೆ ಏರ್ ಫಿಲ್ಟರ್‌ನಿಂದ ಟರ್ಬೋಗೆ ಹೋಗುವ ಹೋಸ್ ಕೆಳಗಡೆ ಸೀಳಿತ್ತು. ಧೂಳು ನೇರ ಒಳಗೆ. ಹಳೇ ರಿಂಗ್ ತಿಂದದ್ದೂ ಅದೇ, ಹೊಸದನ್ನು ತಿಂದದ್ದೂ ಅದೇ. ಈಗ ಯಾವ ಇಂಜಿನ್ ನೋಡಿದರೂ ನನ್ನ ಕೈ ಮೊದಲು ಆ ಹೋಸ್ ಕೆಳಗೆ ಹೋಗುತ್ತದೆ.

ಹಾಗಾಗಿ ಈ ಸಲ ಕಾಕಾಗೆ ಹೇಳಿದೆ: "ಕಾಕಾ, 15 ಸಾವಿರ ಬಾಜೂಕ್ಕೆ ಇಟ್ಟೀನಿ. ಬಿಚ್ಚಿ ಅಳೆಯೋದಕ್ಕ ಅಷ್ಟ. ಅಳತೀ ಏನ್ ಹೇಳ್ತದೋ ಅದನ್ನ ಮಾಡೂಣು." ಅವರು ನಕ್ಕರು.

ಬಿಚ್ಚುವ ಮೊದಲು ಒಂದು ತಿಂಗಳು ಹೊರಗಿನಿಂದಲೇ ನೋಡಿದೆ. ಬ್ರೇಕಿನ ಏರ್ ಟ್ಯಾಂಕ್ ಡ್ರೇನ್ ಕೆಳಗೆ ಬಿಳಿ ಕಾಗದ ಹಿಡಿದೆ. ಕಪ್ಪು ಆಯಿಲ್ ಚಿಮ್ಮಿತು. ಆ ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರಿನ ರಿಂಗ್ ಸವೆದರೆ ಇಂಜಿನ್ ಚೇಂಬರಿನ ಆಯಿಲ್ ಬ್ರೇಕ್ ಲೈನಿಗೆ ಹೋಗುತ್ತದೆ, ನಾವು ಇಂಜಿನ್ನಿಗೆ ಬೈಯುತ್ತೇವೆ. ಕಂಪ್ರೆಸರ್ ಕಿಟ್ ಹಾಕಿದ ಮೇಲೆ ಎರಡೂವರೆ ಲೀಟರ್ ಇದ್ದದ್ದು ಹೆಚ್ಚುಕಡಿಮೆ ಒಂದು ಮುಕ್ಕಾಲಿಗೆ ಇಳಿಯಿತು. ಇನ್ನೂ ಜಾಸ್ತಿಯೇ, ಆದರೆ ಲೆಕ್ಕ ಬದಲಾಯಿತು ಅಲ್ವಾ.

ಬ್ರೀದರ್‌ಗೆ ಸಣ್ಣ ತೂತಿನ ಮುಚ್ಚಳ ಹಾಕಿ, ಬದಿಯಲ್ಲಿ ಪಾರದರ್ಶಕ ನಳಿಕೆಯನ್ನು ಯು ಆಕಾರದಲ್ಲಿ ಕಟ್ಟಿ ನೀರು ತುಂಬಿದೆ. ರಿಂಗ್ ಸವೆದಷ್ಟೂ ಗಾಳಿ ಕೆಳಗೆ ನುಗ್ಗಿ ನೀರು ಏರುತ್ತದೆ. ಎಷ್ಟು ಬೆರಳು ಏರುತ್ತದೆ ಅಂತ ವಾರವಾರ ಬರೆದಿಟ್ಟೆ. ತೂತಿನ ಅಳತೆ ನಾನು ಹೇಳುವುದಿಲ್ಲ, ಅದನ್ನು ಕಂಡುಕೊಳ್ಳಲು ಮೊದಲೇ ನಾಲ್ಕು ತಿಂಗಳು ಹೋಗಿತ್ತು. ನನ್ನ ತಮ್ಮನ ಒಳ್ಳೇ ಗಾಡಿಯಲ್ಲಿ ಮೂರು ಬೆರಳು, ನನ್ನದರಲ್ಲಿ ಎಂಟು. ನಡುವೆ ದಪ್ಪ ಆಯಿಲ್ ಹಾಕಿಯೂ ನೋಡಿದೆ. ನೀರು ಒಂದು ಬೆರಳೂ ಇಳಿಯಲಿಲ್ಲ, ಬೆಳಗಿನ ಸ್ಟಾರ್ಟಿಂಗ್ ಮಾತ್ರ ಭಾರವಾಯಿತು. ಆಯಿಲ್ ಪ್ರೆಶರ್‌ಗೆ ಬೇರೆ ಗೇಜ್ ಹಾಕಿ, ಘಾಟ್ ಹತ್ತಿ ಕಾದಾಗ ನೋಡಿದೆ. ಈ ಇಂಜಿನ್ನಿಗೆ ಐಡಲ್‌ನಲ್ಲಿ ಕಡಿಮೆ ಅಂದರೂ 10 ಪೌಂಡ್, ಫುಲ್ ರೇಸ್‌ನಲ್ಲಿ 30 ಇರಬೇಕು. ನನ್ನದು 8 ಮತ್ತು 34. ಬೇರಿಂಗ್ ಹೋಗಿದೆ, ಆದರೆ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಸತ್ತಿಲ್ಲ ಅನ್ನಿಸಿತು. ಆಮೇಲೇ ಇಂಜಿನ್ ಇಳಿಸಿದೆ.

ಅಳೆಯುವುದರಲ್ಲಿ ಕ್ರ್ಯಾಂಕ್ ಮೊದಲು, ಬ್ಲಾಕ್ ಆಮೇಲೆ. ಎಲ್ಲರೂ ಪಿಸ್ಟನ್ ನೋಡಿ ಗಾಬರಿಯಾಗುತ್ತಾರೆ, ಪಿಸ್ಟನ್ ಅಂಗಡಿಯಲ್ಲಿ ಸಿಗುತ್ತದೆ. ಭೋಸರಿಯ ಲೇತ್‌ನಲ್ಲಿ ಮ್ಯಾಗ್ನೆಟ್ ಟೆಸ್ಟ್ ಮಾಡಿಸಿದೆ, ಬಿರುಕಿರಲಿಲ್ಲ. ಬೇರಿಂಗ್ ಕೂರುವ 69 ಮಿಲಿಮೀಟರಿನ ಪಿನ್ 0.04 ಮಿಲಿಮೀಟರ್ ಸವೆದಿತ್ತು. 0.25 ಸಣ್ಣ ಆಗುವಷ್ಟು ಗ್ರೈಂಡಿಂಗ್ ಸಾಕು. 0.50ಕ್ಕೆ ಹೋಗಬೇಕಿದ್ದರೆ ನಾನು ಅಲ್ಲೇ ನಿಲ್ಲಿಸುತ್ತಿದ್ದೆ. ಗ್ರೈಂಡಿಂಗ್ ಆದ ಮೇಲೆ ಪಿನ್ನಿನ ಮೂಲೆಯ ಗೋಲಾಯಿ ಉಳಿದಿದೆಯಾ ಅಂತ ಉಗುರಿನಿಂದ ಸವರಿ ನೋಡಿ. ಮೂಲೆ ಚೂಪಾದರೆ ಕ್ರ್ಯಾಂಕ್ ಅಲ್ಲೇ ಮುರಿಯುತ್ತದೆ.

ಈ ಗಾಡಿಯ ಕಮಿನ್ಸ್ 5.9 ಇಂಜಿನ್ನಿಗೆ ಲೈನರ್ ಇಲ್ಲ, ಪಿಸ್ಟನ್ ಓಡುವ 102 ಮಿಲಿಮೀಟರಿನ ಬೋರ್ ಬ್ಲಾಕಿನಲ್ಲೇ ಇರುತ್ತದೆ. ಮೂರನೇ ಮತ್ತು ಆರನೇ ಬೋರ್ ಮೇಲ್ಭಾಗದಲ್ಲಿ 0.16ರ ಹತ್ತಿರ ಸವೆದಿದ್ದವು. 0.50 ದೊಡ್ಡ ಪಿಸ್ಟನ್‌ಗೆ, ಅಂದರೆ ಓವರ್‌ಸೈಜಿಗೆ, ಆರನ್ನೂ ಕೊರೆಸಬಹುದು, ಮುಂದೆ 1.00 ಕೂಡ ಬಾಕಿ ಇರುತ್ತದೆ. ನಂಬರ್ ನನ್ನದೇ ಉಳಿಯುತ್ತದೆ. ನಿರ್ಧಾರ ಅಲ್ಲೇ ಆಯಿತು.

ಬೋರ್ ಆಗಿ ಬಂದ ಬ್ಲಾಕನ್ನು ಕಾಕಾ ಡೀಸೆಲ್‌ನಲ್ಲಿ ತೊಳೆದು ಕಟ್ಟಲು ಕೂತರು. ನಾನು ಬಿಡಲಿಲ್ಲ. ಬಿಸಿ ನೀರು, ಬಟ್ಟೆ ಸೋಪಿನ ಪುಡಿ, ಬ್ರಶ್. ಒಂದೊಂದು ಬೋರ್ ತಿಕ್ಕಿ ಒರೆಸಿ, ಆಯಿಲ್ ಹಚ್ಚಿದ ಬಿಳಿ ಬನಿಯನ್ ಬಟ್ಟೆ ಆಡಿಸಿದೆ. ಬಟ್ಟೆ ಬೂದು ಬಣ್ಣಕ್ಕೆ ಬಂತು. ಮತ್ತೆ ತೊಳೆದೆ, ಮತ್ತೆ ಬೂದು. ಐದನೇ ಸಲಕ್ಕೆ ಬಟ್ಟೆ ಬೆಳ್ಳಗೆ ಉಳಿಯಿತು. ಆ ಬೂದು ಅಂದರೆ ಬೋರ್ ಉಜ್ಜಿದ ಹೋನಿಂಗ್ ಕಲ್ಲಿನ ಪುಡಿ. ಡೀಸೆಲ್‌ಗೆ ಅದು ಬಿಡುವುದಿಲ್ಲ, ಹೊಸ ರಿಂಗನ್ನು ಮೊದಲ ದಿನವೇ ತಿನ್ನುತ್ತದೆ. ಕಾಕಾ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು, ಏನೂ ಹೇಳಲಿಲ್ಲ.

ಖರ್ಚು ನೆನಪಿದ್ದಷ್ಟು: ಪಿಸ್ಟನ್, ರಿಂಗ್ 40 ಸಾವಿರ. ಬೇರಿಂಗ್ 8. ಬೋರ್, ಕ್ರ್ಯಾಂಕ್ ಎರಡೂ ಸೇರಿ 14. ಹೆಡ್ 12, ಗ್ಯಾಸ್ಕೆಟ್ 9, ಆಯಿಲ್ ಪಂಪ್ 7, ಡೀಸೆಲ್ ಪಂಪ್ ನಾಜಲ್ 18, ಟರ್ಬೋ 14, ಮಿಸ್ತ್ರಿ ಕೂಲಿ 25, ಆಯಿಲ್ ಫಿಲ್ಟರ್ 6. ಒಂದೂವರೆ ಲಕ್ಷದ ಮೇಲೆ ಸ್ವಲ್ಪ. ರೀಕಂಡೀಷನ್ ಇಂಜಿನ್ನಿಗೆ ಹಳೇದು ಕೊಟ್ಟ ಮೇಲೂ 2 ಲಕ್ಷ 75 ಸಾವಿರ ಹೇಳಿದ್ದರು.

ಕಟ್ಟಿದ ಮೇಲೆ ಎಂಟು ಗಂಟೆ ಐಡಲ್‌ನಲ್ಲಿ ಬಿಡು ಅಂದರು. ಇಪ್ಪತ್ತು ನಿಮಿಷದಲ್ಲಿ ಲೀಕ್ ನೋಡಿ, ಮಧ್ಯಾಹ್ನವೇ ಅರ್ಧ ಲೋಡ್ ಹಾಕಿ ಖೋಪೋಲಿ ಕಡೆ ಹೊರಟೆ. ಒತ್ತಡ ಬಿದ್ದರೇ ರಿಂಗ್ ಕೂರುವುದು. ಸುಮ್ನೆ ಐಡಲ್ ಬಿಟ್ಟರೆ ಬೋರ್ ಗಾಜಿನ ಹಾಗೆ ನುಣ್ಣಗಾಗಿ ಆಯಿಲ್ ಕುಡಿಯುತ್ತದೆ. ಘಾಟ್‌ನಲ್ಲಿ ಯಾವ ಗೇರಿನಲ್ಲಿ ಎಷ್ಟು ಹೊತ್ತು ಅನ್ನೋದು ನನ್ನ ಹತ್ತಿರವೇ ಇರಲಿ.

ಮರುವರ್ಷ ತಮ್ಮನ ಗಾಡಿಗೂ ಹೀಗೇ ಅಳೆದೆವು. ಅವನ ಕ್ರ್ಯಾಂಕ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ಅಳತೆಯ 14 ಸಾವಿರ ಹೋದರೆ ಹೋಗಲಿ ಅಂತ ಬಿಟ್ಟು, ಬಿಲ್ಲಿರುವ ರೀಕಂಡೀಷನ್ ಹಾಫ್ ಇಂಜಿನ್ (ಹೆಡ್ ಇಲ್ಲದ್ದು) ತಂದು, ಆರ್‌ಸಿಯಲ್ಲಿ ನಂಬರ್ ಏರಿಸಿಕೊಂಡೆವು. ಅದೂ ಚೆನ್ನಾಗಿ ಓಡುತ್ತಿದೆ.

ಹೋದ ವಾರ ಕಾಕಾ ಅಳಿಯನ ಗಾಡಿ ಯಾರ್ಡಿಗೆ ಬಂದಿತ್ತು. ಆಯಿಲ್ ಕುಡಿಯುತ್ತದೆ, ಇಂಜಿನ್ ಇಳಿಸೋಣ ಅಂತ ಹುಡುಗರು ಚೈನ್ ಪುಲ್ಲಿ ತಂದರು. ಕಾಕಾ ತಡೆದು, ಕೈಯಲ್ಲಿ ಕಾಗದ ಹಿಡಿದು ಏರ್ ಟ್ಯಾಂಕ್ ಕೆಳಗೆ ಕೂತರು.