ಧೂಪದಾಳಕ್ಕ ಹಕ್ಕಿ ನೋಡಾಕ ಹೊಂಟೀರೇನು? ಹಿಂಗ ಹೋಗ್ರಿ

ಚಳಿ ಶುರು ಆತಂದ್ರ ಸಾಕು, ರವಿವಾರ ದಿನ ಬೆಳಗಾವಿ, ಹುಕ್ಕೇರಿ, ಚಿಕ್ಕೋಡಿ ಕಡಿಂದ ಮಂದಿ ಕಾರು ತುಂಬಕೊಂಡು ಘಟಪ್ರಭಾ ಪಕ್ಷಿಧಾಮಕ್ಕ ಬರ್ತಾರ. ಬರೂದು ಹನ್ನೊಂದು ಗಂಟೆಕ್ಕ. ದಂಡಿ ಮ್ಯಾಲ ಸಾಲಾಗಿ ನಿಂತು "ಎಲ್ಲದಾವೋ ಹಕ್ಕಿ?" ಅಂತ ಒದರಿ, ದೂರದಾಗ ನಾಕು ಬೆಳ್ಳಕ್ಕಿ ನೋಡಿ, ಸೆಲ್ಫಿ ಹೊಡಕೊಂಡು "ಏನೂ ಇಲ್ಲ ಬಿಡ್ರಿ ಇಲ್ಲಿ" ಅಂತ ಗೋಕಾಕಿನ ಹಾದಿ ಹಿಡೀತಾರ. ಹಕ್ಕಿ ಇದ್ದೂ ರೀ, ಇವರ ಕಾರಿನ ಬಾಗಲಾ ಬಡದ ಸಪ್ಪಳಕ್ಕ ನಡುನೀರಿಗೆ ಸರದಾವು ಅಷ್ಟ.

ಜಾಗದ ಬಗ್ಗೆ ಎರಡು ಮಾತು ಹೇಳಿಬಿಡ್ತೀನಿ. ಗೋಕಾಕ ತಾಲೂಕಿನ ಧೂಪದಾಳದಾಗ ಬ್ರಿಟಿಷರ ಕಾಲಕ್ಕ ಘಟಪ್ರಭಾ ನದಿಗೆ ಅಡ್ಡ ಒಂದು ಒಡ್ಡು ಕಟ್ಟ್ಯಾರ, ಎಡದಂಡೆ ಕಾಲುವಿ ಶುರು ಆಗೂದು ಅಲ್ಲಿಂದನ. ಅದರ ಹಿನ್ನೀರು, ಸುತ್ತಲಿನ ಜಾಗ ಎಲ್ಲಾ ಸೇರಿ ಹತ್ತಿರ ಹತ್ತಿರ 30 ಚದರ ಕಿಲೋಮೀಟರ್, 1974ರಾಗ ಪಕ್ಷಿಧಾಮ ಅಂತ ಘೋಷಣೆ ಆತು. ಹೂಳು ತುಂಬಿ ದಂಡಿ ಕಡೆ ನೀರು ತೆಳ್ಳಗ, ಅಲ್ಲಲ್ಲಿ ನಡುಗಡ್ಡಿ, ಜಾಲಿ ಗಿಡ, ಕೆಸರು. ನಮಗ ಅದು ರಾಡಿ, ಉದ್ದ ಕಾಲಿನ ಹಕ್ಕಿಗೆ ಅದ ಊಟದ ಮನಿ.

1. ಯಾವಾಗ ಹೋಗಬೇಕು
ನವೆಂಬರ್ ನಡುವಿಂದ ಫೆಬ್ರುವರಿ ತನಕ. ಮಳೆಗಾಲದಾಗ ಗೋಕಾಕ ಫಾಲ್ಸ್ 170 ಅಡಿಯಿಂದ ಧುಮುಕೂದು ನೋಡಿ, ಹಂಗ ಹಕ್ಕಿನೂ ನೋಡಿಬರೂಣು ಅನ್ನವರು ಒಂದು ತಿಳಕೋರಿ, ಫಾಲ್ಸ್ ತುಂಬಿದಾಗ ವಲಸೆ ಹಕ್ಕಿ ಇರೂದಿಲ್ಲ, ಹಕ್ಕಿ ಬಂದಾಗ ಫಾಲ್ಸಿನಾಗ ಬರೇ ಬಂಡಿಗಲ್ಲು. ಎರಡಕ್ಕೂ ಬ್ಯಾರೆ ಬ್ಯಾರೆ ಸಲ ಬರ್ರಿ. ಮತ್ತ ಹೊತ್ತು ಮೂಡೂದ್ರೊಳಗ ಅಲ್ಲಿ ಇರ್ರಿ. ಒಂಬತ್ತು ಗಂಟೆ ದಾಟಿತಂದ್ರ ಬಿಸಲಿಗೆ ನೀರು ಮಿಂಚಾಕ ಹತ್ತಿ ಎಲ್ಲಾ ಹಕ್ಕಿನೂ ಕರೇ ಚುಕ್ಕಿ ಕಂಡಂಗ ಕಾಣ್ತಾವ.

2. ಹೆಂಗ ಹೋಗಬೇಕು
ಮೀರಜ್–ಲೋಂಡಾ ರೈಲು ಹಾದಿಯಾಗ ಘಟಪ್ರಭಾ ಸ್ಟೇಷನ್ ಐತಿ, ಇಳದು ಆಟೋ ಹಿಡೀರಿ. ಗಾಡಿ ತಗೊಂಡು ಬರವರು ಕತ್ತಲಾಗ ಕಬ್ಬಿನ ಟ್ರ್ಯಾಕ್ಟರ್ ನೋಡಿ ಹೊಡೀರಿ, ಫ್ಯಾಕ್ಟರಿ ಸೀಸನ್ ಇರತೈತಿ, ಡಬಲ್ ಟ್ರಾಲಿ ಹಿಂದ ಒಂದ ಒಂದು ರಿಫ್ಲೆಕ್ಟರ್ ಇರೂದಿಲ್ಲ. ಅರಣ್ಯ ಇಲಾಖೆಯವರ ಕಡೆ ಹಿಂದಿನ ದಿನಾನ ವಿಚಾರಿಸಿಕೋರಿ, ಎಲ್ಲಿ ತನಕ ಬಿಡ್ತಾರ, ಕ್ಯಾಮೆರಾಕ್ಕ ಏನು ನಿಯಮ ಅಂತ. ಮುಂಜಾನೆ ಗೇಟಿನ ಮುಂದ ನಿಂತು ವಾದ ಮಾಡಕೋತ ಕುಂತ್ರ ಬೆಳಕು ನಿಮ್ಮ ಸಲುವಾಗಿ ಕಾಯೂದಿಲ್ಲ.

3. ಏನು ತರಬೇಕು
ಬೈನಾಕ್ಯುಲರ್, 8×42. ಬ್ಯಾರೆದ್ದು ಕೇಳಬ್ಯಾಡ್ರಿ. 8 ಅಂದ್ರ ಎಂಟು ಪಟ್ಟು ದೊಡ್ಡದು, 42 ಅಂದ್ರ ಮುಂದಿನ ಗಾಜಿನ ಅಗಲ ಮಿಲಿಮೀಟರಿನಾಗ. ಜಾತ್ರಿಯಾಗ, ಆನ್‌ಲೈನ್‌ದಾಗ "100 ಪಟ್ಟು ಝೂಮ್" ಅಂತ ಮಾರ್ತಾರಲ್ಲ, ಅದು ಪಕ್ಕಾ ಟೋಪಿ. ಪಟ್ಟು ಹೆಚ್ಚಾದಂಗ ನಿಮ್ಮ ಕೈ ನಡುಕಾನೂ ಅಷ್ಟ ದೊಡ್ಡದಾಗಿ ಕಾಣ್ತೈತಿ, ಬೆಳಕೂ ಕಡಿಮಿ ಬರತೈತಿ. ಕೆಂಪಗ ಥಳಥಳ ಹೊಳಿಯೂ ಗಾಜಿಂದಂತೂ ಮುಟ್ಟಲೇಬ್ಯಾಡ್ರಿ, ಅದರಾಗ ಲೋಕ ಎಲ್ಲಾ ಹಸರಾಗಿ ಕಾಣ್ತೈತಿ. ಮೊಬೈಲಿಗೆ ಸಿಗಿಸೂ ಕ್ಲಿಪ್ ಲೆನ್ಸ್ ಹುಡುಗರ ಆಟಗಿ ಸಾಮಾನು.

ಚಲೋ ಬೈನಾಕ್ಯುಲರ್ ಇದ್ದವರೂ ಬಾಳ ಮಂದಿ ಅದನ್ನ ಸೆಟ್ ಮಾಡಿರೂದಿಲ್ಲ, ತಲಿ ನೋಯತೈತಿ ಅಂತ ಚೀಲದಾಗ ಇಡ್ತಾರ. ಮನಿ ಮಾಳಗಿ ಮ್ಯಾಲ ನಿಂತು ದೂರದ ಬೋರ್ಡು ನೋಡ್ರಿ. ಬಲಗಣ್ಣು ಮುಚ್ಚಿ ನಡುವಿನ ಗಾಲಿ ತಿರುವಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಕೋರಿ. ಈಗ ಎಡಗಣ್ಣು ಮುಚ್ಚಿ, ನಡುವಿನ ಗಾಲಿ ಮುಟ್ಟದ, ಬಲಗಣ್ಣಿನ ಹತ್ರ ಇರೂ ಸಣ್ಣ ಬಳಿ ತಿರುವ್ರಿ. ಮುಗೀತು, ಆ ಬಳಿ ಇನ್ನ ಅಲ್ಲೇ ಇರಲಿ. ಚಾಳೀಸ ಹಾಕವರು ಕಣ್ಣಿನ ಕಡೆ ಇರೂ ರಬ್ಬರ್ ಕಪ್ ಒಳಗ ಮಾಡಕೋರಿ.

ಉಳದದ್ದು ನೀರು, ಟೊಪಗಿ, ರೊಟ್ಟಿ, ಶೇಂಗಾ ಚಟ್ನಿ. ಚಿಪ್ಸ್ ಪಾಕೀಟು ತರಬ್ಯಾಡ್ರಿ, ಅದರ ಚರಪರ ಸಪ್ಪಳ ನೀರಿನ ಮ್ಯಾಲ ಬಾಳ ದೂರ ಹೋಗತೈತಿ.

4. ದಂಡಿಗೆ ಹೋಗೂದು ಮತ್ತ ಕುಂದ್ರೂದು
ಎಲ್ಲಾರೂ ಕೆಡಿಸಿಕೊಳ್ಳೂದು ಇಲ್ಲೇ, ಅದಕ್ಕ ಜರಾ ಲಕ್ಷ್ಯ ಕೊಟ್ಟು ಓದ್ರಿ. ಗಾಡಿ ದೂರ ನಿಲ್ಲಿಸಿ ಬಾಗಲಾ ಮೆಲ್ಲಕ ಹಾಕ್ರಿ. ಮುಂಜಾನೆ ಸೂರ್ಯ ನಿಮ್ಮ ಬೆನ್ನಿಗಿರಬೇಕು, ಅಂದ್ರ ನೀರಿನ ಮೂಡಣ ದಿಕ್ಕಿಗೆ ನಿಲ್ಲಬೇಕು. ಹಿನ್ನೀರು ಒಡ್ಡಿನ ಪಡುವಣಕ್ಕ ಐತಿ, ಹಿಂಗಾಗಿ ಒಡ್ಡಿನ ಕಡೆ ದಂಡಿ ಮುಂಜಾನೆಗೆ ಚಲೋ, ಸಂಜಿಕಿ ಅದ ಜಾಗ ಕಣ್ಣಿಗೆ ಚುಚ್ಚತೈತಿ.

ಏರಿ ಮ್ಯಾಲ ಎದ್ದು ನಿಂತು ನಡೀಬ್ಯಾಡ್ರಿ. ಆಕಾಶದ ಎದುರಿಗೆ ನಿಮ್ಮ ಆಕಾರ ಕಂಡ್ರ ಬಾತುಕೋಳಿಗೆ ಅಷ್ಟ ಸಾಕು. ಏರಿ ಇಳದು, ಬೆನ್ನಿಗೆ ಕಂಟಿನೋ ಜಾಲಿನೋ ಇರೂ ಹಂಗ ಬಾಜೂಕ ಸರೀರಿ. ಸೀದಾ ಹಕ್ಕಿ ಕಡೆ ಹೋಗಬ್ಯಾಡ್ರಿ, ಎಲ್ಲೋ ಬ್ಯಾರೆ ಕಡೆ ಹೊಂಟವರಂಗ ಓರೆಯಾಗಿ ಹೋಗ್ರಿ, ಹೋಗ್ತ ಹೋಗ್ತ ದಿಟ್ಟಿಸಿ ನೋಡಬ್ಯಾಡ್ರಿ. ಎಮ್ಮಿ ಹೊಡಕೊಂಡು ಹೋಗೂ ಕಾಕಾನ ನೋಡ್ರಿ ಬೇಕಾದ್ರ, ಬಿಳಿ ಧೋತರ, ಬಿಳಿ ಅಂಗಿ, ಕೈಯಾಗ ಬಡಿಗಿ, ನೀರಿನ ಅಂಚಿಗೆ ಹಾದು ಹೋಗ್ತಾನ, ಹಕ್ಕಿ ಅಲಗಾಡೂದಿಲ್ಲ, ಯಾಕಂದ್ರ ಅವ ದಿನಾ ಅದ ಹೊತ್ತಿಗೆ ಅದ ನಡಿಗಿಲೆ ಹೋಗ್ತಾನ, ಅವನ್ನ ನೋಡಾಕ ನಿಲ್ಲೂದಿಲ್ಲ. ನಾವು ಸಾವಿರಾರು ರೂಪಾಯಿ ಕ್ಯಾಮೋಫ್ಲಾಜ್ ಜಾಕೀಟು ಹಾಕ್ಕೊಂಡು ನಾಕು ಹೆಜ್ಜಿ ಓಡಿ ಗಕ್ಕನ ನಿಲ್ತೀವಿ, ಹಾರದ ಏನು ಮಾಡ್ತಾವ? ಮಣ್ಣಿನ ಬಣ್ಣದ ಹಳೇ ಅಂಗಿ ಸಾಕು. ಮತ್ತ ಅಂಥವರು ಸಿಕ್ಕ್ರ "ಕಾಕಾ, ಮುಂಜಾನೆ ಹಕ್ಕಿ ಯಾವ ಬಾಜೂ ಕುಂದ್ರತಾವ ರೀ?" ಅಂತ ಕೇಳ್ರಿ, ಯಾವ ಆ್ಯಪೂ ಹೇಳದಂಥದ್ದು ಹೇಳ್ತಾರ.

ನೀರಿಗೆ ಮುಟ್ಟೂಕಿಂತ ಮೊದಲ ಟಿಟ್ಟಿಭ ಎದುರಾಗತೈತಿ. ಕೆಂಪು ಕೊಕ್ಕು, ಕಣ್ಣಿನ ಮುಂದ ಕೆಂಪು ತೊಗಲು, ಹಳದಿ ಕಾಲು, ಇಡೀ ದಂಡಿ ಕಾವಲುಗಾರ ಅದು. ಅದು ಒದರಾಕ ಹತ್ತಿತಂದ್ರ ಅಲ್ಲೇ ನಿಲ್ರಿ, ಕುಂತ್ರ ಇನ್ನೂ ಚಲೋ. ಸುಮ್ಮನಾದ ಮ್ಯಾಲ ಮುಂದ ಹೋಗ್ರಿ. ಸುಮ್ಮನಾಗದ ನಿಮ್ಮ ತಲಿ ಮ್ಯಾಲನ ಸುತ್ತು ಹಾಕಿದ್ರ ಹತ್ತಿರ ತತ್ತಿನೋ ಮರಿನೋ ಅದಾವ ಅಂತ ಅರ್ಥ, ನೆಲದ ಮ್ಯಾಲ ಸಣ್ಣ ಕಲ್ಲಿನ ನಡುವ ತತ್ತಿ ಇಡ್ತೈತಿ, ನಿಮ್ಮ ಕಾಲಿಗೆ ಗೊತ್ತಾಗೂದಿಲ್ಲ. ಬಂದ ದಾರಿಲೆ ತಿರುಗಿ ಹೋಗ್ರಿ.

ಮುಂದಿನ ಗುರುತು ಕುತ್ತಿಗಿ. ಕೊಕ್ಕು ನೀರಾಗ ಇಟ್ಟು ಮೇಯೂ ಹಕ್ಕಿ ಒಮ್ಮೆಲೇ ಎಲ್ಲಾ ಕುತ್ತಿಗಿ ಎತ್ತಿದ್ವು ಅಂದ್ರ ನೀವು ಬಂದದ್ದ ಹೆಚ್ಚಾತು. ಒಂದು ಹೆಜ್ಜಿನೂ ಮುಂದ ಬ್ಯಾಡ. ಬಾತುಕೋಳಿ ಬೆನ್ನು ತಿರುಗಿಸಿ ನಡುನೀರಿಗೆ ಈಸಾಕ ಹತ್ತಿದ್ರ ಎರಡು ಹೆಜ್ಜಿ ಹಿಂದ ಸರದು ಕುಂದರ್ರಿ. ಕುಂದ್ರೂದಂದ್ರ ನೆಲಕ್ಕ ಕುಂದ್ರೂದು, ತುದಿಗಾಲಿನ ಮ್ಯಾಲ ಅಲ್ಲ, ಐದು ನಿಮಿಷದಾಗ ಕಾಲು ಜೋಂಪು ಹಿಡದು ಏಳ್ತೀರಿ, ಎಲ್ಲಾ ಹಾಳು. ಒಂದು ಗೋಣಿಚೀಲ ತಂದಿಟ್ಟುಕೋರಿ. ಅರ್ಧ ತಾಸು ಏನೂ ಆಗೂದಿಲ್ಲ. ಫೋನ್ ತೆಗೀಬ್ಯಾಡ್ರಿ. ಆಮ್ಯಾಲ ಸರದ ಹಕ್ಕಿನ ಮೇಯಕೋತ ಮೇಯಕೋತ ನಿಮ್ಮ ಕಡೆ ಬರ್ತಾವ. ಚಮಚ ಕೊಕ್ಕಿನ ಹಕ್ಕಿ ಹಿಂಗ ಹತ್ರ ಬಂದಾಗ ನೋಡಬೇಕ್ರಿ, ಬಾಯಿ ಜರಾ ತಗದು ಅಂಗಳ ಕಸ ಹೊಡದಂಗ ಎಡಕ್ಕ ಬಲಕ್ಕ ನೀರು ಬಳಕೋತ ನಡೀತೈತಿ, ಏನರ ತಾಗಿದ ಕೂಡಲೇ ಟಪ್ ಅಂತ ಮುಚ್ಚಿ, ತಲಿ ಮ್ಯಾಲ ಒಗದು ನುಂಗತೈತಿ. ಹಿಂದ ಹಿಂದ ಓಡಿದವರಿಗೆ ಇದು ಕಾಣೂದಿಲ್ಲ.

5. ಗುರುತು ಹಿಡಿಯೂದು
ಬಣ್ಣದಿಂದ ಶುರು ಮಾಡಬ್ಯಾಡ್ರಿ. ಹಾರುಮುಂದ ಕುತ್ತಿಗಿ ನೋಡ್ರಿ: ಮಡಚಿಕೊಂಡು ಹಾರಿದ್ರ ಬೆಳ್ಳಕ್ಕಿ ಬಳಗ, ಸೀದಾ ಚಾಚಿ ಹಾರಿದ್ರ ಕೊಕ್ಕರಿ, ಕ್ರೇನು, ಚಮಚ ಕೊಕ್ಕು ಇಂಥವು. ಇಷ್ಟ ಗೊತ್ತಿದ್ರ ಅರ್ಧ ಗೊಂದಲ ಹೋಗತೈತಿ. ಫೋನಿನಾಗ ಹಕ್ಕಿ ಗುರುತು ಹೇಳೂ ಮೆರ್ಲಿನ್ ಆ್ಯಪ್ ಇಟ್ಟುಕೋರಿ, ಚಲೋ ಐತಿ, ಆದ್ರ ಅದರಾಗಿನ ಹಕ್ಕಿ ಕೂಗು ಅಲ್ಲಿ ಹಚ್ಚಬ್ಯಾಡ್ರಿ. ಮನಿಯಾಗ ಕೇಳ್ರಿ.

6. ಬ್ಯಾಡಂದ್ರ ಬ್ಯಾಡ
ಡ್ರೋನ್, ಪಟಾಕಿ, ಗಾಡಿಯಾಗಿನ ಡೆಕ್. ಹಾರೂ ಫೋಟೋ ಬೇಕಂತ ಕಲ್ಲು ಒಗಿಯೂ ಮಹಾನುಭಾವರಿಗೆ: ಅಭಯಾರಣ್ಯದಾಗ ಪ್ರಾಣಿ ಪಕ್ಷಿ ಕೆಣಕೂದು, ಕಸ ಒಗಿಯೂದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಲಿಯಾಗ ಸಿಕ್ಕ ಹಕ್ಕಿ ಕಂಡ್ರ ನೀವ ಎಳೆದಾಡಬ್ಯಾಡ್ರಿ, ರೆಕ್ಕಿ ಮುರೀತೈತಿ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಹಚ್ಚ್ರಿ.

ಇನ್ನ ಡೆಮೊಯಿಸೆಲ್ ಕ್ರೇನ್ ನೋಡಾಕಂತನ ಬರವರು ಇದ್ದೀರಿ. ಬೂದಿ ಮೈ, ಕರೇ ಕೊರಳು, ಕಣ್ಣಿನ ಹಿಂದ ಬಿಳಿ ಜುಟ್ಟು, ಮಧ್ಯ ಏಷ್ಯಾದ ಕಡಿಂದ ಹಿಮಾಲಯ ದಾಟಿ ಬರೂ ಹಕ್ಕಿ. ಅದು ರಾತ್ರಿ ತೆಳ್ಳನ ನೀರಾಗ ನಿಲ್ಲತೈತಿ, ಬೆಳಕು ಹರದ ಮ್ಯಾಲ ಕಾಳು ಹುಡುಕಿಕೊಂಡು ಹೊಲಕ್ಕ ಹೋಗತೈತಿ, ಬಿಸಲೇರಿದ ಮ್ಯಾಲ ನೀರು ಕುಡಿಯಾಕ ತಿರುಗಿ ಬರತೈತಿ. ಅದಕ್ಕ ಅದರ ಬೆನ್ನು ಹತ್ತಿ ಯಾರದೋ ಕಡ್ಲಿ ಹೊಲಾ ತುಳೀಬ್ಯಾಡ್ರಿ, ರೈತರು ಮೊದಲ ಹಕ್ಕಿ ಕಾಟಕ್ಕ ಸಿಟ್ಟಿನಾಗ ಇರ್ತಾರ. ರೊಟ್ಟಿ ತಿಂದು, ನೆರಳಿಗೆ ಅಡ್ಡಾಗಿ, ನೀರಿನ ಹತ್ರನ ಕಾಯ್ರಿ. ಬಿಳಿ ಕೊಕ್ಕರಿ ಸಿಕ್ಕ್ರ ನಿಮ್ಮ ಅದೃಷ್ಟ, ಕೆಂಪು ಕೊಕ್ಕು, ಕೆಂಪು ಕಾಲು, ಬಿಸಿಗಾಳಿ ಹಿಡದು ರೆಕ್ಕಿ ಬಡೀದನ ಮ್ಯಾಲ ಏರತೈತಿ.

ಹೋಗುಮುಂದ ಗೋಕಾಕದಾಗ ಕರದಂಟು ತಗೊಳ್ಳೂದು ಇದ್ದದ್ದ. ಅಂಟು, ಒಣ ಕೊಬ್ಬರಿ ಹೆಚ್ಚಿದ್ದದ್ದು ತಗೋರಿ, ಬರೇ ಬೆಲ್ಲದ ಗಟ್ಟಿ ಬ್ಯಾಡ, ಮತ್ತ ಬೈನಾಕ್ಯುಲರ್ ಇರೂ ಚೀಲದಾಗ ಮಾತ್ರ ಇಡಬ್ಯಾಡ್ರಿ.